ತಾನಾಗಿ ಬರುವ ನೀರು ಸಣ್ಣದಾದರೆ



ಕೋಲಾರದ ಕಡೆ ಟೊಮ್ಯಾಟೊ ತೋಟಗಳಿಗೆ ಹನಿ ನೀರಾವರಿ ಬಂದಿದೆ. ಸರದಿಯಂತೆ ತಾನಾಗಿ ತೆರೆದು ಮುಚ್ಚುವ ವಾಲ್ವುಗಳನ್ನೂ ಕೆಲವರು ಹಾಕಿಸಿದ್ದೀರಿ. ಸಂತೋಷ. ಆದರೆ ಕಾಯಿ ಕಚ್ಚುವ ಹೊತ್ತಿಗೇ ನೀರು ಸಣ್ಣದಾಯಿತು ಅನ್ನಿ. ಬೋರು ಬತ್ತಿತೆಂದು ಹೆದರಿ, ಹೊಸದನ್ನು ಕೊರೆಸಲು ಸಾಲಕ್ಕೆ ಓಡಬೇಡಿ. ಸ್ವಲ್ಪ ತಾಳಿ.

ಎಲ್ಲಾ ತಾಕುಗಳಲ್ಲೂ ನೀರು ಕಮ್ಮಿಯೋ, ಒಂದರಲ್ಲಿ ಮಾತ್ರವೋ? ಎಲ್ಲಾ ಕಡೆಯೂ ಕಮ್ಮಿಯಾದರೆ ಫಿಲ್ಟರಿನ ಹಿಂದೆ ಮುಂದೆ ಇರುವ ಎರಡು ಒತ್ತಡದ ಗೇಜು ನೋಡಿ. ಅವೆರಡರ ನಡುವೆ 0.5 ಕಿಲೋಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಜಾಲರಿ ಕಟ್ಟಿಕೊಂಡಿದೆ. ಮೋಟಾರು ನಿಲ್ಲಿಸಿ, ಬಿಚ್ಚಿ ತೊಳೆಯಿರಿ.

ಎರಡು ಗೇಜೂ ಕೆಳಗಿಳಿದಿವೆಯೋ? ಆಗಲೂ ಬೋರನ್ನು ಬೈಯಬೇಡಿ. ಸರದಿ ಇಲ್ಲದ ತಾಕಿಗೊಮ್ಮೆ ನಡೆದು ಹೋಗಿ. ಅಲ್ಲಿ ಹನಿ ಬೀಳುತ್ತಿದ್ದರೆ ಕಳ್ಳ ಸಿಕ್ಕಿದ! ವಾಲ್ವಿನ ಒಳಗೆ ಒಂದು ರಬ್ಬರಿನ ಪೊರೆ ಇರುತ್ತದೆ. ಅದರ ಕೆಳಗೆ ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ಸಾಕು, ವಾಲ್ವು ಪೂರ್ತಿ ಮುಚ್ಚುವುದಿಲ್ಲ. ಒಂದು ತಾಕಿನ ನೀರು ಎರಡಕ್ಕೆ ಹಂಚಿಹೋಗುತ್ತದೆ. ಮೋಟಾರು ನಿಲ್ಲಿಸಿ, ಮುಚ್ಚಳ ತೆಗೆದು, ಪೊರೆ ತೊಳೆದು ಕೂರಿಸಿ. ಹರಿದಿದ್ದರೆ ಬೇರೆ ಹಾಕಿ.

ಒಂದೇ ತಾಕಿನಲ್ಲಿ ಕಮ್ಮಿ ಇದ್ದರೆ ಆ ತಾಕಿನ ವಾಲ್ವನ್ನೇ ನೋಡಿ. ಕೆಲವು ವಾಲ್ವುಗಳ ತಲೆಯ ಮೇಲೆ ನೀರು ಹೆಚ್ಚು ಕಡಿಮೆ ಮಾಡುವ ತಿರುಪಿರುತ್ತದೆ. ಮಕ್ಕಳು ಆಟಕ್ಕೆ ತಿರುಗಿಸಿರಬಹುದು. ಅದು ಸರಿಯಿದ್ದರೆ ಸಾಲು ಪೈಪುಗಳ ಕೊನೆಯ ಮುಚ್ಚಳ ತೆಗೆದು, ತಿಳಿನೀರು ಬರುವ ತನಕ ಹರಿಯಬಿಡಿ. ಗಡಸು ನೀರಿನಿಂದ ಹನಿಕಂಡಿಗಳಲ್ಲಿ ಬಿಳಿ ಉಪ್ಪು ಕಟ್ಟಿದ್ದರೆ ಆಮ್ಲ ಹಾಯಿಸಬೇಕಾದೀತು. ಅದನ್ನು ಮಾತ್ರ ತಿಳಿದವರಿಂದಲೇ ಮಾಡಿಸಿ.

ಇಷ್ಟಾದ ಮೇಲೂ ನೀರು ಏರದಿದ್ದರೆ, ಆಗ ಮೋಟಾರನ್ನು ನೋಡಿಸಿ, ಬೋರಿನ ನೀರಿನ ಮಟ್ಟ ಅಳೆಸಿ.