ಮೂತ್ರಪಿಂಡದ ಅರ್ಬುದ ಮತ್ತು ವಂಶಪಾರಂಪರ್ಯ

ಮೂತ್ರಪಿಂಡದ ಅರ್ಬುದವು ಸದ್ದಿಲ್ಲದೆ ಬೆಳೆಯುವ ವ್ಯಾಧಿ. ಬೆನ್ನಿನ ಕಡೆಗೆ, ಕೊಬ್ಬಿನ ಹೊದಿಕೆಯೊಳಗೆ ಹುದುಗಿರುವ ಈ ಅಂಗದಲ್ಲಿ ಗಂತಿಯೊಂದು ಹುಟ್ಟಿದರೆ ಅದು ಬಹುಕಾಲ ತಿಳಿಯದೆಯೇ ಹೋಗುತ್ತದೆ. ಮೂತ್ರದಲ್ಲಿ ರಕ್ತ, ಪಕ್ಕೆಯಲ್ಲಿ ನೋವು, ಕೈಗೆ ತಗಲುವ ಗಂಟು ಎಂಬ ಮೂರು ಲಕ್ಷಣಗಳನ್ನು ವೈದ್ಯಗ್ರಂಥಗಳು ಹೇಳುತ್ತವೆ. ಮೂರೂ ಒಟ್ಟಿಗೆ ಕಾಣುವ ಹೊತ್ತಿಗೆ ರೋಗವು ಸಾಮಾನ್ಯವಾಗಿ ಬಲಿತಿರುತ್ತದೆ.

1883ರಲ್ಲಿ ಜರ್ಮನಿಯ ಪಾಲ್ ಗ್ರಾವಿಟ್ಸ್ ಎಂಬ ವಿದ್ವಾಂಸರು, ಈ ಗಂತಿಯ ಜೀವಕೋಶಗಳು ಕೊಬ್ಬು ತುಂಬಿ ಬಿಳಿಚಿಕೊಂಡಿರುವುದನ್ನು ನೋಡಿ, ಇದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ತುಣುಕುಗಳಿಂದ ಹುಟ್ಟುವುದೆಂದು ಊಹಿಸಿದರು. ಅದು ಮೂತ್ರಪಿಂಡದ ಸೂಕ್ಷ್ಮ ನಾಳಗಳ ಒಳಪದರದಿಂದಲೇ ಹುಟ್ಟುವುದೆಂದು ಮುಂದೆ ಸಿದ್ಧವಾಯಿತು.

ಇಂತಹ ಅರ್ಬುದಗಳಲ್ಲಿ ವಂಶದಿಂದ ಬರುವಂಥವು ಸ್ವಲ್ಪ ಭಾಗ ಮಾತ್ರ. ಆದರೆ ರೋಗದ ಮರ್ಮವನ್ನು ತೆರೆದು ತೋರಿಸಿದುದು ಆ ಸ್ವಲ್ಪ ಭಾಗವೇ. ಜರ್ಮನಿಯ ನೇತ್ರವೈದ್ಯ ಫಾನ್ ಹಿಪ್ಪೆಲ್ ಕಣ್ಣಿನ ಅಕ್ಷಿಪಟಲದಲ್ಲಿ ಕಂಡ ರಕ್ತನಾಳಗಳ ಗಂತಿಯನ್ನು 1904ರಲ್ಲಿ ವರ್ಣಿಸಿದರು. ಸ್ವೀಡನ್ನಿನ ಆರ್ವಿಡ್ ಲಿಂಡೌ 1926ರಲ್ಲಿ ಅದಕ್ಕೂ ಕಿರುಮೆದುಳಿನ ಗಂತಿಗಳಿಗೂ ಇರುವ ಸಂಬಂಧವನ್ನು ತೋರಿಸಿದರು. ಇವರಿಬ್ಬರ ಹೆಸರನ್ನು ಹೊತ್ತ ಈ ವ್ಯಾಧಿಯುಳ್ಳವರಲ್ಲಿ ಅನೇಕರಿಗೆ ಮೂತ್ರಪಿಂಡದ ಅರ್ಬುದವೂ ಬರುತ್ತದೆ. ಇದಕ್ಕೆ ಕಾರಣವಾದ ವಂಶವಾಹಿಯನ್ನು 1993ರಲ್ಲಿ 3ನೆಯ ವರ್ಣತಂತುವಿನಲ್ಲಿ ಗುರುತಿಸಲಾಯಿತು. ತಾಯಿತಂದೆಗಳಲ್ಲಿ ಒಬ್ಬರಿಗೆ ದೋಷವಿದ್ದರೆ ಪ್ರತಿಯೊಂದು ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅದು ಬರುವ ಸಂಭವ ಅರ್ಧದಷ್ಟು.

ಪ್ರತಿ ಜೀವಕೋಶದಲ್ಲಿಯೂ ಈ ವಂಶವಾಹಿಯ ಎರಡು ಪ್ರತಿಗಳಿರುತ್ತವೆ. ದೋಷವನ್ನು ಪಡೆದು ಹುಟ್ಟಿದವನಲ್ಲಿ ಒಂದು ಪ್ರತಿ ಮೊದಲೇ ಕೆಟ್ಟಿರುವುದರಿಂದ, ಇನ್ನೊಂದು ಕೆಟ್ಟರೆ ಗಂತಿಗೆ ದಾರಿಯಾಗುತ್ತದೆ. ಆದುದರಿಂದಲೇ ಅಂಥವರಲ್ಲಿ ರೋಗವು ಎಳೆಯ ವಯಸ್ಸಿನಲ್ಲಿ, ಎರಡೂ ಪಿಂಡಗಳಲ್ಲಿ, ಹಲವು ಗಂತಿಗಳಾಗಿ ತೋರುವುದುಂಟು. ಮಿಕ್ಕವರಲ್ಲಿ ಎರಡು ಪ್ರತಿಗಳೂ ಒಂದೇ ಕೋಶದಲ್ಲಿ ಕೆಡಬೇಕು. ಅದಕ್ಕೆ ಬಹಳ ವರ್ಷಗಳು ಹಿಡಿಯುತ್ತವೆ. ವಂಶವಾಹಿ ಕೆಟ್ಟಾಗ ಕೋಶವು, ಆಮ್ಲಜನಕ ಸಾಕಷ್ಟಿದ್ದರೂ ಇಲ್ಲವೆಂದೇ ತಿಳಿದು, ಹೊಸ ರಕ್ತನಾಳಗಳನ್ನು ಕರೆಯತೊಡಗುತ್ತದೆ. ಕೋಶಗಳು ಆಮ್ಲಜನಕವನ್ನು ಅರಿಯುವ ಈ ಬಗೆಯನ್ನು ಬಿಡಿಸಿದ ಕೇಲಿನ್, ರಾಟ್‌ಕ್ಲಿಫ್, ಸೆಮೆಂಜಾ ಅವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ವಂಶದ ಹೊರಗಿನ ಕಾರಣಗಳಲ್ಲಿ ಧೂಮಪಾನ, ಅತಿಸ್ಥೂಲತೆ, ರಕ್ತದ ಒತ್ತಡ, ದೀರ್ಘಕಾಲದ ಡಯಾಲಿಸಿಸ್ ಇವು ಮುಖ್ಯವಾದುವು.

ಹರಡುವ ರೀತಿ ವಿಲಕ್ಷಣವಾದುದು. ಗಂತಿಯು ಮೂತ್ರಪಿಂಡದ ಅಭಿಧಮನಿಯೊಳಗೆ ನಾಲಗೆಯಂತೆ ಚಾಚಿ, ಅಧೋಮಹಾಭಿಧಮನಿಯನ್ನು ಹೊಕ್ಕು, ಒಮ್ಮೊಮ್ಮೆ ಹೃದಯದ ಬಲ ಹೃತ್ಕರ್ಣದವರೆಗೂ ಏರುತ್ತದೆ. ಶ್ವಾಸಕೋಶ, ಎಲುಬು, ಯಕೃತ್ತು, ಮೆದುಳುಗಳಿಗೆ ಬೀಜಗಳು ಹರಡುತ್ತವೆ. ಪಿಂಡವನ್ನು ತೆಗೆದು ಹಲವು ವರ್ಷಗಳಾದ ಮೇಲೆಯೂ ಅವು ಮೊಳೆಯಬಹುದು.

ವಂಶದ ದೋಷ ಮೊದಲೇ ತಿಳಿದಿದ್ದರೆ ನಿಯತವಾಗಿ ಪರೀಕ್ಷಿಸುತ್ತಿದ್ದು, ಗಂತಿ ಸುಮಾರು 3 ಸೆಂಟಿಮೀಟರ್ ಆದಾಗ ಅದನ್ನಷ್ಟೇ ತೆಗೆದು ಪಿಂಡವನ್ನು ಉಳಿಸಿಕೊಳ್ಳಬಹುದು. ಆದರೆ ತಿಳಿಯುವುದು ಹೇಗೆ? ಅಣ್ಣನೊಂದು ಊರು, ತಂಗಿಯೊಂದು ಊರಾಗಿ ಚದುರಿದ ನಮ್ಮ ಸಂಸಾರಗಳಲ್ಲಿ ಸೋದರಮಾವ ಯಾವ ರೋಗದಿಂದ ತೀರಿಕೊಂಡರೆಂಬುದನ್ನು ಮಕ್ಕಳು ಅರಿಯರು. ಅರಿತವರು ಸಂಬಂಧ ತಪ್ಪೀತೆಂದು ಬಾಯಿ ಬಿಡರು. ಗೋತ್ರವನ್ನೂ ಮನೆದೇವರನ್ನೂ ಮರೆಯದೆ ಹೇಳಿಕೊಡುವ ಹಿರಿಯರು ಇದನ್ನೂ ಹೇಳಬೇಕು. ಮುಚ್ಚಿಟ್ಟ ಮಾತ್ರಕ್ಕೆ ದೋಷ ಹೋಗದು. ಮುಂದಿನವರು ಎಚ್ಚರಗೊಳ್ಳುವ ಅವಕಾಶ ಮಾತ್ರ ಹೋಗುತ್ತದೆ.