ಹಂದರದ ಸದ್ದು, ಎಡಿಟಿಂಗ್ ಮೇಜಿನ ಮೌನ

ಗದಗ-ಬೆಟಗೇರಿಯ ಕಲ್ಯಾಣ ಮಂಟಪವೊಂದರಲ್ಲಿ ನಡೆದ ಮದುವೆಯ ಚಿತ್ರೀಕರಣವು ಎಡಿಟಿಂಗ್ ಮೇಜಿಗೆ ಒಂದೇ ಉದ್ದನೆಯ ಚಿತ್ರವಾಗಿ ಬರುವುದಿಲ್ಲ. ಅರಿಶಿಣ ಹಚ್ಚುವುದರಿಂದ ಹಿಡಿದು ಅಕ್ಕಿಕಾಳು ಬೀಳುವವರೆಗೆ ಕ್ಯಾಮೆರಾದ ಗುಂಡಿಯನ್ನು ಒತ್ತಿದಷ್ಟು ಸಲವೂ ಒಂದೊಂದು ಕ್ಲಿಪ್, ಅಂದರೆ ಬಿಡಿ ತುಣುಕು, ಹುಟ್ಟುವುದರಿಂದ ಅವುಗಳ ಎಣಿಕೆ ನೂರಾರಕ್ಕೆ ಏರುತ್ತದೆ. ಪ್ರತಿ ತುಣುಕಿನಲ್ಲೂ ಚಿತ್ರದ ಜೊತೆಗೆ ಆ ಗಳಿಗೆಯ ಸದ್ದು ಸೇರಿರುತ್ತದೆ: ಬ್ಯಾಂಡಿನವರು ಬಾರಿಸಿದ ಸಿನಿಮಾ ಹಾಡು, ಜನರೇಟರಿನ ಗುಡುಗು, ಊಟದ ಪಂಕ್ತಿಯ ಗದ್ದಲ, ಕ್ಯಾಮೆರಾದ ಬೆನ್ನಿಗೇ ನಿಂತವರ ಮಾತು. ಈ ಸದ್ದುಗಳನ್ನೆಲ್ಲ ತೆಗೆದು, ಅವುಗಳ ಜಾಗದಲ್ಲಿ ಹಾಡೊಂದನ್ನು ಹಾಸುವುದು ಮದುವೆ ವಿಡಿಯೊಗಳಲ್ಲಿ ಬಹುಕಾಲದಿಂದ ಬಂದ ರೂಢಿ. ನೂರಾರು ತುಣುಕುಗಳ ಧ್ವನಿಯನ್ನು ಒಂದೊಂದಾಗಿ ತೆಗೆಯುತ್ತ ಕುಳಿತರೆ ದಿನವೇ ಕಳೆದುಹೋಗುವುದರಿಂದ, ಎಲ್ಲವನ್ನೂ ಒಟ್ಟಿಗೆ ಮೌನಗೊಳಿಸುವ ದಾರಿಗಳು ಬಹುತೇಕ ಎಲ್ಲ ತಂತ್ರಾಂಶಗಳಲ್ಲೂ ಇವೆ. ಆದರೆ ಆ ದಾರಿಗಳೆಲ್ಲ ಒಂದೇ ಕಡೆಗೆ ಒಯ್ಯುವುದಿಲ್ಲ.

ಎಂಪಿ4 ಎಂದು ಕರೆಯಲಾಗುವ ವಿಡಿಯೊ ಕಡತವು ಒಂದು ಗಂಟಿನಂತಿದ್ದು, ಅದರೊಳಗೆ ಚಿತ್ರದ ಧಾರೆ ಬೇರೆ, ಧ್ವನಿಯ ಧಾರೆ ಬೇರೆಯಾಗಿಯೇ ಇರುತ್ತವೆ. ಎರಡನ್ನೂ ಕಾಲದ ಗುರುತುಗಳು ಹೊಂದಿಸಿ ಹಿಡಿದಿರುತ್ತವೆ. ತುಣುಕನ್ನು ಎಡಿಟಿಂಗ್ ತಂತ್ರಾಂಶದ ಟೈಮ್‌ಲೈನಿನಲ್ಲಿ, ಅಂದರೆ ಎಡದಿಂದ ಬಲಕ್ಕೆ ಕಾಲ ಸರಿಯುವ ಪಟ್ಟಿಯಲ್ಲಿ, ಇಟ್ಟಾಗ ಈ ಎರಡು ಧಾರೆಗಳು ಸಾಮಾನ್ಯವಾಗಿ ಕಣ್ಣಿಗೇ ಕಾಣುತ್ತವೆ: ಮೇಲಿನ ಸಾಲಿನಲ್ಲಿ ಚಿತ್ರ, ಕೆಳಗಿನ ಸಾಲಿನಲ್ಲಿ ದಟ್ಟ ಗೆರೆಗಳ ಏರಿಳಿತವಾಗಿ ಧ್ವನಿ. ಇಂಥ ಒಂದೊಂದು ಸಾಲಿಗೂ ಟ್ರ್ಯಾಕ್ ಎಂದು ಹೆಸರು. ಧ್ವನಿಯನ್ನು ತೆಗೆದರೆ ಕಡತ ಬಹಳ ಹಗುರವಾಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಆದರೆ ಸೆಕೆಂಡಿಗೆ 48,000 ಸಲ ಅಳೆದು, ಸಂಕುಚಿಸದೆ ಬರೆದಿಟ್ಟ ಎರಡು ವಾಹಿನಿಯ ಧ್ವನಿಗೆ ಕೂಡ ಗಂಟೆಗೆ ಸುಮಾರು 690 ಮೆಗಾಬೈಟ್ ಸಾಕಾದರೆ, ಸೆಕೆಂಡಿಗೆ 50 ಮೆಗಾಬಿಟ್ ವೇಗದಲ್ಲಿ ದಾಖಲಾದ ಚಿತ್ರಕ್ಕೆ ಅದೇ ಗಂಟೆಗೆ 22 ಗಿಗಾಬೈಟಿಗೂ ಹೆಚ್ಚು ಬೇಕು. ಜಾಗ ಉಳಿಸುವ ಸಲುವಾಗಿ ಸದ್ದನ್ನು ಕಳೆಯುವುದರಲ್ಲಿ ಹುರುಳಿಲ್ಲ.

ಮೌನಗೊಳಿಸುವ ಮೊದಲನೆಯ ಬಗೆ ಮ್ಯೂಟ್. ಟ್ರ್ಯಾಕಿನ ಎಡತುದಿಯಲ್ಲಿರುವ ಎಂ ಅಕ್ಷರದ ಅಥವಾ ಸ್ಪೀಕರ್ ಚಿಹ್ನೆಯ ಗುಂಡಿಯನ್ನು ಒಂದು ಸಲ ಒತ್ತಿದರೆ ಆ ಸಾಲಿನಲ್ಲಿರುವ ತುಣುಕುಗಳು ಹತ್ತಿರಲಿ, ಐನೂರಿರಲಿ, ಎಲ್ಲವೂ ಬಾಯಿ ಮುಚ್ಚುತ್ತವೆ. ಮತ್ತೆ ಒತ್ತಿದರೆ ಮಾತಾಡುತ್ತವೆ. ಎರಡನೆಯದರಲ್ಲಿ ಬೇಕಾದ ತುಣುಕುಗಳನ್ನಷ್ಟೇ ಆಯ್ದು ಅವುಗಳ ಧ್ವನಿಯ ಮಟ್ಟವನ್ನು ಒಟ್ಟಿಗೆ ತಳಕ್ಕಿಳಿಸಲಾಗುತ್ತದೆ. ಮೂರನೆಯದು ನಿಜವಾದ ತೆಗೆದುಹಾಕುವಿಕೆ: ಚಿತ್ರಕ್ಕೂ ಧ್ವನಿಗೂ ಇರುವ ಲಿಂಕ್ ಎಂಬ ಗಂಟನ್ನು ಬಿಚ್ಚಿ, ಧ್ವನಿಯ ಭಾಗವನ್ನಷ್ಟೇ ಅಳಿಸುವುದು. ಅಡೋಬಿ ಪ್ರೀಮಿಯರ್ ಪ್ರೊದಲ್ಲಿ ತುಣುಕುಗಳನ್ನೆಲ್ಲ ಆಯ್ದು ಕಂಟ್ರೋಲ್ ಹಾಗೂ ಎಲ್ ಕೀಲಿಗಳನ್ನು ಒತ್ತಿದರೆ ಈ ಗಂಟು ಬಿಚ್ಚುತ್ತದೆ. ಆಲ್ಟ್ ಕೀಲಿಯನ್ನು ಹಿಡಿದು ಧ್ವನಿಯ ಸಾಲಿನ ಮೇಲೆ ಮೌಸನ್ನು ಎಳೆದರೆ ಬಿಚ್ಚುವ ಗೋಜೂ ಇಲ್ಲದೆ ಧ್ವನಿಯಷ್ಟೇ ಆಯ್ಕೆಯಾಗುತ್ತದೆ. ಅಳಿಸುವಾಗ ಖಾಲಿ ಜಾಗವನ್ನು ತಾನೇ ಮುಚ್ಚಿಕೊಳ್ಳುವ ರಿಪಲ್ ಎಂಬ ಆದೇಶವನ್ನು ಮಾತ್ರ ಬಳಸಬಾರದು. ಒಂದು ತುಣುಕಿನ ಧ್ವನಿ ಹೋದ ಜಾಗಕ್ಕೆ ಮುಂದಿನ ಧ್ವನಿಗಳೆಲ್ಲ ಸರಿದುಬಂದರೆ ಅಲ್ಲಿಂದಾಚೆಗೆ ತುಟಿಯ ಚಲನೆಗೂ ಮಾತಿಗೂ ತಾಳೆಯಾಗುವುದಿಲ್ಲ.

ಎಲ್ಲ ಸದ್ದನ್ನೂ ತೆಗೆಯಲೇಬೇಕಾದ ಸಂದರ್ಭವೂ ಈ ಸೀಮೆಯಲ್ಲೇ ಇದೆ. ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯದ ಆವರಣದಲ್ಲಿ ನಡೆಯುವ ಪುಲಿಗೆರೆ ಉತ್ಸವದಂಥ ಸಂಗೀತ ಸಭೆಯನ್ನು ಮೂರು ಕ್ಯಾಮೆರಾಗಳಲ್ಲಿ ಚಿತ್ರೀಕರಿಸಿ, ಗಾಯಕರ ಮೈಕಿನ ಧ್ವನಿಯನ್ನು ಮಿಕ್ಸರಿನಿಂದ ನೇರವಾಗಿ ಬೇರೆಯಾಗಿ ದಾಖಲಿಸಿಕೊಂಡರೆ, ಒಂದೇ ಆಲಾಪಕ್ಕೆ ನಾಲ್ಕು ಧ್ವನಿಗಳು ಹುಟ್ಟಿಕೊಳ್ಳುತ್ತವೆ. ಗಾಳಿಯಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವುದರಿಂದ, ವೇದಿಕೆಯಿಂದ 17 ಮೀಟರ್ ಹಿಂದೆ ನಿಂತ ಕ್ಯಾಮೆರಾಕ್ಕೆ ಸ್ವರವು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ತಡವಾಗಿ ಮುಟ್ಟುತ್ತದೆ. ಇಷ್ಟು ಅಲ್ಪ ಅಂತರ ಕಣ್ಣಿಗೆ ಗೊತ್ತಾಗದಿದ್ದರೂ, ನಾಲ್ಕು ಧ್ವನಿಗಳು ಒಟ್ಟಿಗೆ ಕೇಳಿದಾಗ ತಬಲಾದ ಒಂದೇ ಪೆಟ್ಟು ಎರಡಾಗಿ ಕಿವಿಗೆ ಬಿದ್ದು, ಸ್ವರದ ಸುತ್ತ ಬಾವಿಯೊಳಗಿನ ಪ್ರತಿಧ್ವನಿ ಕವಿಯುತ್ತದೆ. ಇಲ್ಲಿ ಕ್ಯಾಮೆರಾಗಳ ಧ್ವನಿಯೆಲ್ಲ ಹೋಗಬೇಕು. ಆದರೆ ಹೋಗುವ ಮುನ್ನ ಅದು ಮಾಡಿಕೊಡುವ ಒಂದು ಉಪಕಾರವಿದೆ. ಮಿಕ್ಸರಿನ ಧ್ವನಿಯ ಏರಿಳಿತದ ಗೆರೆಗಳನ್ನು ಕ್ಯಾಮೆರಾ ಧ್ವನಿಯ ಗೆರೆಗಳೊಡನೆ ಹೋಲಿಸಿಯೇ ತಂತ್ರಾಂಶವು ಮೂರೂ ಚಿತ್ರಗಳನ್ನು ತಾನಾಗಿ ಹೊಂದಿಸುವುದರಿಂದ, ಹೊಂದಾಣಿಕೆ ಮುಗಿಯುವ ಮೊದಲೇ ಸದ್ದನ್ನು ಅಳಿಸಿದವರು ಆಮೇಲೆ ಗಾಯಕರ ತುಟಿಗಳನ್ನೇ ದಿಟ್ಟಿಸುತ್ತ ಕೈಯಿಂದ ಜೋಡಿಸಬೇಕಾಗುತ್ತದೆ. ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ವೀರೇಶ್ವರ ಪುಣ್ಯಾಶ್ರಮದಲ್ಲಿ ಎಷ್ಟೋ ಅಂಧ ಮಕ್ಕಳಿಗೆ ಸಂಗೀತ ಕಲಿಸಿದ ಈ ಗದಗ ಸೀಮೆಯಲ್ಲಿ ಸ್ವರವೊಂದು ಮಬ್ಬಾದರೆ ಅದನ್ನು ಗುರುತಿಸುವ ಕಿವಿಗಳಿಗೆ ಕೊರತೆಯಿಲ್ಲ.

ಮದುವೆಯ ತುಣುಕುಗಳಿಗೆ ಬಂದಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ವಿಡಿಯೊವನ್ನು ಯೂಟ್ಯೂಬಿಗೆ ಏರಿಸುವವರು, ಹಿನ್ನೆಲೆಯಲ್ಲಿ ಸಿನಿಮಾ ಹಾಡು ಕೇಳಿಸಿದರೆ ಅದರ ಹಕ್ಕುದಾರರ ಪರವಾಗಿ ಅದನ್ನು ತಾನಾಗಿ ಪತ್ತೆಹಚ್ಚುವ ವ್ಯವಸ್ಥೆಗೆ ಅಂಜಿ, ಇಡೀ ಟೈಮ್‌ಲೈನಿನ ಸದ್ದನ್ನೇ ಅಳಿಸಿಬಿಡುವುದುಂಟು. ಆ ಅಂಜಿಕೆಗೆ ಕಾರಣವಿದೆ. ಆದರೆ ಅದೇ ಟೈಮ್‌ಲೈನಿನ ನಡುವೆ ಎಲ್ಲೋ ಒಂದು ಕಡೆ, ಬೀಗರು ಸುತ್ತುವರಿದು ಒತ್ತಾಯಿಸಿದಾಗ ಮದುಮಗಳು ತಲೆ ತಗ್ಗಿಸಿ ಗಂಡನ ಹೆಸರನ್ನು ಪ್ರಾಸದೊಳಗೆ ಅಡಗಿಸಿ ಹೇಳಿದ ಒಡಪು ಇರುತ್ತದೆ, ಓಣಿಯ ಹಿರಿಯ ಹೆಂಗಸರು ಹಾಡಿದ ಸೋಬಾನ ಪದವೂ ಇರುತ್ತದೆ. ಸದ್ದಿಲ್ಲದ ಒಡಪು ಎಂದರೆ ತುಟಿ ಅಲುಗಿದ್ದೂ ಸುತ್ತಲಿನವರು ನಕ್ಕಿದ್ದೂ ಮಾತ್ರ; ನಕ್ಕಿದ್ದು ಏತಕ್ಕೆಂದು ಮೊಮ್ಮಕ್ಕಳಿಗೆ ತಿಳಿಯುವ ಬಗೆಯಿಲ್ಲ. ಆದ್ದರಿಂದ ಇಂಥ ತುಣುಕುಗಳನ್ನು ಮೊದಲೇ ಹುಡುಕಿ, ಅವುಗಳ ಧ್ವನಿಯನ್ನು ಬೇರೊಂದು ಟ್ರ್ಯಾಕಿಗೆ ಇಳಿಸಿ, ಉಳಿದ ಟ್ರ್ಯಾಕನ್ನು ಮ್ಯೂಟ್ ಮಾಡುವುದೇ ಸರಿಯಾದ ಕ್ರಮ; ಇದಕ್ಕೆ ಹಿಡಿಯುವುದು ಎಲ್ಲ ತುಣುಕುಗಳನ್ನೂ ಒಮ್ಮೆ ಕೇಳುವಷ್ಟು ಹೊತ್ತು.

ಟೈಮ್‌ಲೈನಿನಲ್ಲಿ ಅಳಿಸಿದ ಧ್ವನಿ ಮೂಲ ಕಡತದಲ್ಲಿ ಹಾಗೆಯೇ ಉಳಿದಿರುವುದರಿಂದ ಅಲ್ಲಿನ ತಪ್ಪಿಗೆ ತಿದ್ದುಪಡಿ ಉಂಟು. ಕಡತಗಳ ಮೇಲೆಯೇ ಕೆಲಸ ಮಾಡುವ ಸಾಧನಗಳ ವಿಷಯ ಬೇರೆ. ಫ್ಯಾಬ್ರಿಸ್ ಬೆಲ್ಲಾರ್ ಅವರು 2000ದಲ್ಲಿ ಆರಂಭಿಸಿದ ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಾಧನಕ್ಕೆ, ಚಿತ್ರವನ್ನು ಇದ್ದಂತೆಯೇ ನಕಲಿಸಿ ಧ್ವನಿಯನ್ನು ಬಿಡಬೇಕೆಂದು ಒಂದು ಸಾಲಿನ ಆದೇಶ ಕೊಟ್ಟರೆ, ಒಂದು ಫೋಲ್ಡರಿನಲ್ಲಿರುವ ಕಡತಗಳೆಲ್ಲ ಚಿತ್ರದ ಗುಣಮಟ್ಟ ಕೂದಲೆಳೆಯಷ್ಟೂ ಕುಂದದೆ ಬೇಗನೆ ಮೌನವಾಗಿ ಹೊರಬರುತ್ತವೆ. ಈ ಹೊಸ ಕಡತಗಳಿಗೆ ಬೇರೆ ಫೋಲ್ಡರು ಕೊಡದೆ, ಹಳೆಯವನ್ನು ಅಳಿಸಿಬಿಟ್ಟರೆ ಹೋದ ಸದ್ದು ಮರಳದು.

ಕೆಲವೊಮ್ಮೆ ಸದ್ದು ತೆಗೆದ ಜಾಗದಲ್ಲಿ ಹಾಡಲ್ಲ, ಸದ್ದೇ ಬೇಕಾಗುತ್ತದೆ. ಗಾಳಿಯಂತ್ರಗಳು ತಿರುಗುವ ಕಪ್ಪತಗುಡ್ಡದ ಮೇಲೆ ಮುಂಡರಗಿಯ ಕಡೆಗೆ ಮುಖಮಾಡಿ ಚಿತ್ರೀಕರಿಸಿದ ತುಣುಕುಗಳಲ್ಲಿ ಗಾಳಿಯು ಮೈಕಿನ ಪರದೆಗೆ ನೇರವಾಗಿ ಬಡಿದು ಬರೀ ಗುಂಯ್‌ಗುಟ್ಟುವುದರಿಂದ ಅದನ್ನು ಉಳಿಸಿಕೊಂಡು ಪ್ರಯೋಜನವಿಲ್ಲ. ಆದರೆ ಪೂರ್ಣ ಮೌನದ ಬೆಟ್ಟವೂ ನೋಡುಗರಿಗೆ ಸಹಜವೆನಿಸುವುದಿಲ್ಲ. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ 2024ರಲ್ಲಿ ಸೇರಿದ, ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳ ಚಿತ್ರೀಕರಣದಲ್ಲೂ ಹೀಗೆಯೇ ಆಗುತ್ತದೆ: ದೂರದ ಹಕ್ಕಿಯನ್ನು ಲೆನ್ಸ್ ಹತ್ತಿರಕ್ಕೆ ಎಳೆಯುತ್ತದೆ, ಮೈಕು ಮಾತ್ರ ದಂಡೆಯ ಮೇಲೆ ನಿಂತವರ ಮಾತನ್ನೂ ರಸ್ತೆಯ ಬಸ್ಸಿನ ಹಾರ್ನನ್ನೂ ಹಿಡಿಯುತ್ತದೆ. ಅನುಭವಸ್ಥರು ಅಲ್ಲಿ ಬೆಳಗಿನ ಜಾವ, ಜನ ಸೇರುವ ಮೊದಲು, ಕ್ಯಾಮೆರಾವನ್ನು ಮುಟ್ಟದೆ ಕೆರೆಯ ಸದ್ದನ್ನಷ್ಟೇ ಎರಡು ನಿಮಿಷ ದಾಖಲಿಸಿಕೊಳ್ಳುತ್ತಾರೆ. ಆಮೇಲೆ ತುಣುಕುಗಳ ಧ್ವನಿಯನ್ನೆಲ್ಲ ಒಟ್ಟಿಗೆ ತೆಗೆದು, ನೀರಿನ ಮೇಲೆ ಹಿಂಡು ಕೂಗುವ ಆ ಎರಡು ನಿಮಿಷವನ್ನು ಎಲ್ಲದರ ಕೆಳಗೆ ಹಾಸುತ್ತಾರೆ.