ಅರಶಿನ ಮುಂಡಿಗೆಯ ವಿಷಯವಾಗಿ ನಾಲ್ಕು ಮಾತು

ಹಟ್ಟಿಯಂಗಡಿಯ ಸುತ್ತಿನಲ್ಲಿ ಯಾರಿಗಾದರೂ ಕಣ್ಣು ಹಳದಿಯಾದರೆ ಅದನ್ನು ಅರಶಿನ ಮುಂಡಿಗೆಯೆಂದು ಕರೆದು, ನೆಲನೆಲ್ಲಿಯನ್ನು ಅರೆದು ಕುಡಿಸಿ, ಪಥ್ಯ ಹಿಡಿಸುವುದು ಹಿಂದಿನಿಂದ ಬಂದ ರೂಢಿ. ಹೀಗೆ ಅನೇಕರು ಗುಣ ಹೊಂದಿದ್ದನ್ನು ನಾವೂ ಕಂಡಿರುತ್ತೇವೆ. ಆದಕಾರಣ ಆ ಸೊಪ್ಪನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಗುಣವಾದುದು ಯಾತರಿಂದ ಎಂಬುದನ್ನಷ್ಟೇ ವಿಚಾರಿಸೋಣ.

ಹಳದಿ ಬಣ್ಣವು ರೋಗವಲ್ಲ, ರೋಗದ ಚಿಹ್ನೆ. ಯಕೃತ್ತು ಬಾತು ಕೆಟ್ಟಾಗ ಪಿತ್ತದ ಬಣ್ಣವು ರಕ್ತದಲ್ಲಿ ಉಳಿದು ಕಣ್ಣಿಗೂ ಮೂತ್ರಕ್ಕೂ ಏರುತ್ತದೆ. ಯಕೃತ್ತನ್ನು ಕೆಡಿಸುವ ವೈರಸ್‌ಗಳಲ್ಲಿ ಎ, ಬಿ, ಸಿ, ಡಿ, ಇ ಎಂಬ ಐದು ಮುಖ್ಯವಾದವು. ಎ ಮತ್ತು ಇ ರೋಗಿಯ ಮಲದಿಂದ ಹೊರಟು ನೀರು, ಆಹಾರಗಳ ಮೂಲಕ ಮತ್ತೊಬ್ಬರ ಬಾಯಿಯನ್ನು ಸೇರುತ್ತವೆ. ಇವೆರಡೂ ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾವಾಗಿಯೇ ಇಳಿಯುತ್ತವೆ, ಸೊಪ್ಪು ಕುಡಿದವರಿಗೂ, ಕುಡಿಯದವರಿಗೂ. ನೆಲನೆಲ್ಲಿಯು ಬಿ ವೈರಸನ್ನು ಹೋಗಲಾಡಿಸುವುದೆಂದು ಮದ್ರಾಸಿನ ಸಂಶೋಧಕರು 1988ರಲ್ಲಿ ಪ್ರಕಟಿಸಿದ್ದುಂಟು. ಆಮೇಲೆ ಬೇರೆಡೆಗಳಲ್ಲಿ ನಡೆದ ಪರೀಕ್ಷೆಗಳಲ್ಲಿ ಆ ಫಲ ಕಾಣಲಿಲ್ಲ.

ನೀರಿನ ವಿಷಯದಲ್ಲಿ ಪಟ್ಟಣಕ್ಕೂ ರಕ್ಷಣೆಯಿಲ್ಲ. 1955ರ ಕೊನೆಯಲ್ಲಿ ದಿಲ್ಲಿಯ ಕುಡಿಯುವ ನೀರಿಗೆ ಚರಂಡಿಯ ಕೊಳೆ ಸೇರಿ, ಸುಮಾರು 29,000 ಜನರಿಗೆ ಕಾಮಾಲೆಯಾಯಿತು. ವಾರಾಹಿಯ ದಂಡೆಯ ನಮ್ಮ ಸೀಮೆಯಲ್ಲಿ ಮನೆಗೊಂದು ಬಾವಿ. ಅದರ ಸಮೀಪವೇ ಕಕ್ಕಸಿನ ಹೊಂಡ. ಮುರಕಲ್ಲಿನ ನೆಲವೋ ತೂತುತೂತಾದದ್ದು. ಮಳೆಗಾಲದಲ್ಲಿ ಒಳನೀರು ಹೊಂಡದ ಮಟ್ಟಕ್ಕೆ ಏರಿದಾಗ ಕೊಳೆಯು ಬಾವಿಗೆ ಜಿನುಗುವುದು ಯಾರ ಕಣ್ಣಿಗೂ ಬೀಳದು. ನೀರು ತಿಳಿಯಾಗಿದೆ, ಸಿಹಿಯಾಗಿದೆ ಎಂಬುದು ಶುದ್ಧಿಗೆ ಸಾಕ್ಷಿಯಲ್ಲ. ಬಿಸಿಯಾದರೆ ಸಾಲದು, ಗುಳ್ಳೆಯೆದ್ದು ಚೆನ್ನಾಗಿ ಕುದಿಯಬೇಕು. ಕುದಿಸಿದ ನೀರು ನೆಂಟರಿಗೆ ಬಲು ಬಿಸಿಯಾಯಿತೆಂದು ಕೊಡದ ತಣ್ಣೀರನ್ನು ಬೆರೆಸುವ ಗೃಹಿಣಿಯರು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಇದ್ದಾರೆ! ಹೊಸ ಮನೆ ಕಟ್ಟುವವರು ಬಾವಿಗೂ ಹೊಂಡಕ್ಕೂ 50 ಅಡಿಗೆ ಕಡಮೆಯಾಗದಂತೆ ಅಂತರವಿಡಲಿ. ಮುರಕಲ್ಲಿನಲ್ಲಿ ಇನ್ನೂ ಹೆಚ್ಚಿದ್ದರೆ ಲೇಸು.

ನಾವು ಈ ಲೇಖನವನ್ನು ಬರೆದುದು ಮುಖ್ಯವಾಗಿ ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳಿಗಾಗಿ. ಇತರರಿಗೆ ಸಾಮಾನ್ಯವಾಗಿ ಸೌಮ್ಯವಾದ ಇ ವೈರಸ್ ತುಂಬು ಗರ್ಭಿಣಿಗೆ ಅತಿ ಕ್ರೂರ. ಕಡೆಯ ಮೂರು ತಿಂಗಳಲ್ಲಿ ತಗಲಿದರೆ ನೂರರಲ್ಲಿ 20 ರಿಂದ 25 ಮಂದಿಯವರೆಗೂ ಸಾಯುವುದುಂಟು. ಗರ್ಭಿಣಿಯ ಕಣ್ಣು ಹಳದಿಯಾದ ದಿನವೇ ಅವಳನ್ನು ಆಸ್ಪತ್ರೆಗೆ ಕರೆದೊಯ್ಯಬೇಕು. ಸೊಪ್ಪಿನ ಮೂರು ದಿನ ಮುಗಿಯಲಿ ಎಂದು ಹಿರಿಯರು ಹೇಳಿದರೆ, ಅವರಿಗೆ ವಿನಯದಿಂದಲೇ ಆಗದೆನ್ನಿರಿ.

ಬಿ ಮತ್ತು ಸಿ ನೀರಿನಿಂದ ಬರುವವಲ್ಲ. ರಕ್ತ, ಶುದ್ಧಿಮಾಡದ ಸೂಜಿ, ದಾಂಪತ್ಯ, ಹೆರಿಗೆ ಇವು ಅವುಗಳ ಹಾದಿ. ಡಿ ಎಂಬುದು ಬಿ ಇದ್ದವರಿಗೆ ಮಾತ್ರ ಬರುತ್ತದೆ. ತಾಯಿಗೆ ಬಿ ಉಂಟೋ ಎಂದು ಬಸಿರಿನಲ್ಲಿಯೇ ರಕ್ತ ಪರೀಕ್ಷಿಸಬೇಕು. ಕೂಸಿಗೆ ಹುಟ್ಟಿದ 24 ಗಂಟೆಗಳೊಳಗೆ ಲಸಿಕೆ ಹಾಕಿಸಬೇಕು. ಸಿ ವೈರಸ್ಸಿಗೆ ಲಸಿಕೆಯಿಲ್ಲ, ಆದರೆ ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಯಿಂದ ಅದು ಪೂರ್ಣ ಗುಣವಾಗುತ್ತದೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ಪರೀಕ್ಷೆ, ಔಷಧಗಳು ಉಚಿತ. ಬಿ ಇರುವ ಸೊಸೆಗೆ ಬೇರೆ ತಟ್ಟೆ, ಬೇರೆ ಪಂಕ್ತಿ ಮಾಡುವುದು ವ್ಯರ್ಥವಾದ ಕ್ರೌರ್ಯ. ಸಹಭೋಜನದಿಂದ ಅದು ಅಂಟುವುದಿಲ್ಲ. ಮನೆಯವರೆಲ್ಲರೂ ತಮ್ಮ ರಕ್ತವನ್ನು ಪರೀಕ್ಷಿಸಿಕೊಂಡು ಲಸಿಕೆ ತೆಗೆದುಕೊಳ್ಳಲಿ, ಸೊಸೆಯೂ ಅವರ ಸಂಗಡಲೇ ಉಣ್ಣಲಿ.